ಇಂದಿನಿಂದ ಗಂಡನ ಪಾತ್ರದಲ್ಲಿ ಹೊಸಬರು

ಮಂಗಳವಾರ ಸಂಜೆ ಏಳೂವರೆಗೆ ಆ ಮನುಷ್ಯ ಮುಖ ತೊಳೆಯಲು ಬಚ್ಚಲುಮನೆಗೆ ಹೋದ. ಏಳು ಮೂವತ್ತೆರಡಕ್ಕೆ ಬೇರೆ ಯಾರೋ ಮುಖ ಒರೆಸಿಕೊಳ್ಳುತ್ತಾ ಹೊರಗೆ ಬಂದ. ಹೋದವನು ಕುಳ್ಳ, ಗುಂಡು ಗುಂಡಗಿದ್ದ, ನಡುನೆತ್ತಿಯಲ್ಲಿ ಅಂಗೈಯಗಲ ಬೋಳು. ಬಂದವನ ತಲೆ ಬಾಗಿಲ ಚೌಕಟ್ಟಿಗೆ ತಗಲುತ್ತಿತ್ತು, ತಲೆ ತುಂಬ ಗುಂಗುರು ಕೂದಲು. ಟವೆಲು ಮಾತ್ರ ಅದೇ. ಇವನನ್ನು ಕಂಡು ಹೆಂಡತಿಯಾದವಳು ಕಿಟಾರನೆ ಕಿರುಚಬೇಕಿತ್ತು ತಾನೆ? ಪೊಲೀಸರನ್ನು ಕರೆಯಬೇಕಿತ್ತು ತಾನೆ? ಆ ಮಹಾತಾಯಿ, "ಟೀ ಆರಿಹೋಗ್ತಿದೆ ರೀ" ಎಂದಳು!

ಟಿ.ವಿ. ಪರದೆಯ ಕೆಳಗೆ ಒಂದು ಪಟ್ಟಿ ಸರಿದುಹೋಯಿತು: "ಇಂದಿನಿಂದ ಗಂಡನ ಪಾತ್ರದಲ್ಲಿ ಹೊಸಬರು." ಕ್ಷಮೆ ಇಲ್ಲ, ಕಾರಣ ಇಲ್ಲ. ಅಂಗಡಿಯ ಬಾಗಿಲಿಗೆ ‘ಊಟಕ್ಕೆ ಹೋಗಿದ್ದೇವೆ’ ಎಂದು ಬೋರ್ಡು ತಗುಲಿಸುವವನಿಗೂ ಇದಕ್ಕಿಂತ ಹೆಚ್ಚು ನಾಚಿಕೆ ಇರುತ್ತದೆ.

ಧಾರಾವಾಹಿಯ ಹೆಸರು ‘ಎರಡು ಬಾಗಿಲ ಮನೆ’. ನಾಲ್ಕು ವರ್ಷದ ಹಿಂದೆ ಶುರುವಾದಾಗ ಅದು ಮನೆಯ ನಡುವೆ ಗೋಡೆ ಎಬ್ಬಿಸಿಕೊಂಡ ಅಣ್ಣತಮ್ಮಂದಿರ ಕಥೆಯಾಗಿತ್ತು. ಆಗ ನಾನೂ ನೋಡುತ್ತಿದ್ದೆ (ಗೋಡೆ ಎದ್ದ ದಿನ ಕಣ್ಣೊರೆಸಿಕೊಂಡೆ ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ). ನೂರನೆಯ ಕಂತಿಗೆ ಗೋಡೆ ಬಿತ್ತು. ಕಥೆ ಮುಗಿಯಿತೆಂದು ನಾನು ಎದ್ದು ನಿಂತರೆ, ತಮ್ಮ ತಮ್ಮನೇ ಅಲ್ಲ, ಗೂಢಚಾರ ಎಂದಾಯಿತು. ಮುನ್ನೂರಕ್ಕೆ ಮನೆಯೇ ಸುಟ್ಟುಹೋಯಿತು. ಐನೂರಕ್ಕೆ ಎಲ್ಲರೂ ಹಡಗು ಹತ್ತಿದರು. ಈಗ ಒಂಬೈನೂರು ದಾಟಿದೆ. ಮನೆಯೂ ಇಲ್ಲ, ಬಾಗಿಲೂ ಇಲ್ಲ, ಸಂಸಾರವೆಲ್ಲ ಒಂದು ಹೋಟೆಲಿನ ರೂಮಿನಲ್ಲಿದೆ. ಅತ್ತೆಯ ಪಾತ್ರಧಾರಿ ಎರಡು ಸಲ ಬದಲಾಗಿ, ಮೂರನೆಯ ಅತ್ತೆ ಸೊಸೆಗಿಂತ ಚಿಕ್ಕವರಾಗಿದ್ದಾರೆ. ಇಷ್ಟೆಲ್ಲ ಆದಾಗಲೂ ನಾನು ಬಾಯಿ ಮುಚ್ಚಿಕೊಂಡಿದ್ದೆ. ಆದರೆ ಗಂಡನನ್ನೇ ಬದಲಾಯಿಸುವುದೆಂದರೆ? ನಾಳೆ ಇದು ಮನೆಮನೆಗೂ ಬಂದರೆ?

"ಇದೇನು ಅನ್ಯಾಯ! ಗಂಡ ಬದಲಾದ್ರೂ ಇವಳಿಗೆ ಗೊತ್ತಾಗಲ್ವಾ?" ಎಂದು ಕೂಗಿದೆ.

"ಶ್! ಮಾತು ಕೇಳಿಸ್ತಿಲ್ಲ" ಎಂದರು ನಮ್ಮತ್ತೆ. (ಹೆಂಡತಿಯ ತಾಯಿ. ಅವರು ನಮ್ಮ ಜೊತೆ ಇದ್ದಾರೆ. ರಿಮೋಟು ಅವರ ಜೊತೆ ಇದೆ.)

"ಮೂರು ದಿನ ಹಾಗನ್ನಿಸುತ್ತೆ ರೀ, ಆಮೇಲೆ ಅಭ್ಯಾಸ ಆಗುತ್ತೆ" ಎಂದಳು ಹೆಂಡತಿ, ಕನ್ನಡಕವನ್ನು ಮೂಗಿನ ಮೇಲೆ ಏರಿಸಿಕೊಳ್ಳುತ್ತಾ.

ನನಗೆ ಮೈ ಉರಿಯಿತು. ಯಾಕೆಂದರೆ ಅದು ನನ್ನ ಮಾತು. ನನ್ನದು ಕನ್ನಡಕದ ಅಂಗಡಿ. ಹೊಸ ಕನ್ನಡಕ ಹಾಕಿಕೊಂಡು, "ನೆಲ ಎದ್ದು ಬಂದಂಗಾಗ್ತಿದೆ" ಎಂದು ಗೋಡೆ ಹಿಡಿದುಕೊಳ್ಳುವ ಪ್ರತಿಯೊಬ್ಬರಿಗೂ ನಾನು ದಿನಕ್ಕೆ ಇಪ್ಪತ್ತು ಸಲ ಹೇಳುವ ಮಂತ್ರ ಅದು. ಕಣ್ಣು ಪರೀಕ್ಷೆ ಮಾಡಿ ಮಸೂರ ಉಜ್ಜಿ ಕೂರಿಸುವುದು ನಮ್ಮ ಹಿರಿಯ ಕೆಲಸಗಾರರದು. ನನಗಿಂತ ಹತ್ತು ವರ್ಷ ದೊಡ್ಡವರು, ಉಜ್ಜಿ ಉಜ್ಜಿ ಅವರ ಹೆಸರೇ ಉಜ್ಜಪ್ಪ ಎಂದಾಗಿದೆ. ಕನ್ನಡಕವನ್ನು ಮುಖಕ್ಕೆ ಹೊಂದಿಸುವ ಕೆಲಸ ಮಾತ್ರ ನನ್ನದು. ಚಿಮುಟದಲ್ಲಿ ಕಡ್ಡಿ ಬಗ್ಗಿಸಿ, ಕಿವಿಯ ಹಿಂದೆ ಕೂರಿಸಿ, ಮೂಗಿನ ಮೇಲೆ ನಿಲ್ಲಿಸುವುದರಲ್ಲಿ ಈ ಬೀದಿಯಲ್ಲಿ ನನ್ನನ್ನು ಮೀರಿಸುವವರಿಲ್ಲ (ಬೀದಿಯಲ್ಲಿ ಬೇರೆ ಕನ್ನಡಕದಂಗಡಿ ಇಲ್ಲ). ಜನರ ಮುಖ ನನಗೆ ನೆನಪಿರುವುದಿಲ್ಲ. ಕಿವಿ, ಮೂಗು ಮಾತ್ರ ಮರೆಯುವುದಿಲ್ಲ.

ಹದಿನೈದು ದಿನದ ಹಿಂದೆ ಒಬ್ಬ ಹೆಂಗಸು ಬಂದಿದ್ದರು. ಎಂಥ ಕಿವಿ ಅಂತೀರಿ! ಎಡಗಿವಿ ಬಲಗಿವಿಗಿಂತ ಒಂದು ಗುಲಗಂಜಿಯಷ್ಟು ಮೇಲೆ. ಫ್ರೇಮು ಕಳಿಸದ ಸಗಟು ವ್ಯಾಪಾರಿಯನ್ನು ಫೋನಿನಲ್ಲಿ ಬೈಯುತ್ತಾ, ಫೋನನ್ನು ಗಲ್ಲಕ್ಕೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು, ಅರ್ಧ ಗಂಟೆ ಕಡ್ಡಿ ಬಗ್ಗಿಸಿದೆ. ಅಂದು ಊಟಕ್ಕೆ ಕೂತಾಗ ಮನೆಯಲ್ಲಿ ಆ ಸಾಹಸವನ್ನು ವರ್ಣಿಸಿದ್ದೆ.

"ಒಂದು ಕಿವಿ ನೆಲಮಹಡಿ, ಇನ್ನೊಂದು ಮೊದಲನೇ ಮಹಡಿ! ಆ ಗಂಡ ಅನ್ನೋನು ಹೇಗೆ ಬಾಳ್ತಾನೋ!" ಎಂದಿದ್ದೆ.

"ಹೌದಾ? ಮುಖ ಹೇಗಿತ್ತು?" ಎಂದಳು ಹೆಂಡತಿ.

"ಮುಖ ಯಾರು ನೋಡ್ತಾರೆ?"

ಅತ್ತೆಗೆ ಅನ್ನ ನೆತ್ತಿಗೇರಿ ಕೆಮ್ಮು ಬಂತು. ನನ್ನ ಮಗಳು ನೀರು ತರಲು ಹೋದವಳು ಅಡುಗೆಮನೆಯಲ್ಲೇ ಬಹಳ ಹೊತ್ತು ಇದ್ದಳು. ಇರಲಿ, ಅದು ಹಳೆಯ ಮಾತು.

ಈಗ ಮಂಗಳವಾರಕ್ಕೆ ಬರೋಣ. ಹೆಂಡತಿ ಜಾಹೀರಾತಿನ ಬಿಡುವಿನಲ್ಲಿ ನನ್ನತ್ತ ತಿರುಗಿದಳು.

"ಅಷ್ಟು ಹಾರಾಡ್ತೀರಲ್ಲ, ಈ ಮನೇಲಿ ಏನಾದ್ರೂ ಬದಲಾದ್ರೆ ನಿಮಗೆ ಗೊತ್ತಾಗುತ್ತಾ?"

"ಗೊತ್ತಾಗುತ್ತಾ ಅಂದ್ರೆ? ಇಲ್ಲಿರೋರ ಮುಖದಲ್ಲಿ ಒಂದು ಕೂದಲು ಆಚೀಚೆ ಆದ್ರೂ ಕಂಡುಹಿಡೀತೀನಿ. ಇಲ್ಲದಿದ್ರೆ ಆ ನಿನ್ನ ಧಾರಾವಾಹಿ ಮುಗಿಯೋವರೆಗೂ ಮನೇ ಪಾತ್ರೆಯೆಲ್ಲ ನಾನೇ ತೊಳೀತೀನಿ!"

"ಮಾತು ಮಾತೇ?"

"ಮಾತೇ!"

"ಅಮ್ಮ, ಕೇಳಿಸ್ಕೊಂಡ್ಯಾ?"

"ನನಗೆ ಕಿವಿ ಚೆನ್ನಾಗಿದೆ ಕಣೇ" ಎಂದರು ಅತ್ತೆ. ‘ಕಿವಿ’ ಎನ್ನುವಾಗ ಅವರು ಯಾಕೆ ಹಲ್ಲು ಬಿಟ್ಟರೋ ಆಗ ತಿಳಿಯಲಿಲ್ಲ.

ಆ ಕ್ಷಣವೇ ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ನಾನು ನೋಡುತ್ತೇನೋ ಇಲ್ಲವೋ ಎಂದು ಇವರು ಕೇಳುತ್ತಾರೆ. ಇವರು ನನ್ನನ್ನು ನೋಡುತ್ತಾರೆಯೇ? ಹದಿನೇಳು ವರ್ಷದಿಂದ ಈ ಮೂಗಿನ ಕೆಳಗೆ ಒಂದು ಮೀಸೆ ಇದೆ. ಮದುವೆಯ ಫೋಟೋದಲ್ಲಿ ನನಗಿಂತ ಮೊದಲು ಕಾಣುವುದು ಅದೇ. ಅದನ್ನು ತೆಗೆದುಬಿಟ್ಟರೆ?

ಬುಧವಾರ ಅಂಗಡಿಗೆ ಹೋಗುವ ಮುನ್ನ ಕ್ಷೌರದಂಗಡಿಗೆ ಹೋದೆ. ಕ್ಷೌರಿಕ ಕತ್ತಿ ಹಿಡಿದು ಎರಡು ಸಲ ಹಿಂದೆ ಸರಿದ. "ಮನೇಲಿ ಕೇಳಿದ್ದೀರಾ ಸಾರ್?" ಎಂದ. "ಮೀಸೆ ನನ್ನದಯ್ಯಾ" ಎಂದೆ. ಐದು ನಿಮಿಷದಲ್ಲಿ ಮಹಾತ್ಯಾಗ ಮುಗಿಯಿತು. ಕನ್ನಡಿಯಲ್ಲಿ ನನ್ನ ಚಿಕ್ಕಪ್ಪನ ಹಾಗಿರುವ ಯಾರೋ ಒಬ್ಬರು ಗಾಬರಿಯಿಂದ ನನ್ನನ್ನೇ ನೋಡುತ್ತಿದ್ದರು.

ದಾರಿಯಲ್ಲಿ ಹಾಲಿನವನು ಗುರುತು ಹಿಡಿಯದೆ ಹೋದ. ಉಜ್ಜಪ್ಪನವರು ನನ್ನನ್ನು ನೋಡಿ, "ಬನ್ನಿ, ಕೂತ್ಕೊಳ್ಳಿ, ದೂರದ್ದು ಕಾಣಲ್ವೋ ಹತ್ತಿರದ್ದೋ?" ಎಂದವರು, ಆಮೇಲೆ ಗುರುತು ಸಿಕ್ಕಿ ಮಧ್ಯಾಹ್ನದವರೆಗೂ ನಕ್ಕರು. ನನಗೆ ಖುಷಿಯೋ ಖುಷಿ. ಬೀದಿಗೇ ಗೊತ್ತಾದದ್ದು ಮನೆಗೆ ಗೊತ್ತಾಗದೆ ಇರುತ್ತದೆಯೇ?

ಸಂಜೆ ಬಾಗಿಲು ತೆರೆದವಳು ಹೆಂಡತಿ. ನಾನು ಮುಖವನ್ನು ಬೆಳಕಿಗೆ ಹಿಡಿದು ನಿಂತೆ.

"ಸೊಪ್ಪು ತಂದ್ರಾ?" ಎಂದಳು.

ಅತ್ತೆ ತಲೆಯೆತ್ತಿ, "ಬಂದ್ರಾ" ಎಂದರು. ಏಳನೇ ಕ್ಲಾಸಿನ ಮಗಳು, "ಅಪ್ಪಾ ಸರ್ಕೋ, ಟಿ.ವಿ. ಕಾಣ್ತಿಲ್ಲ" ಎಂದಳು. ಟಿ.ವಿ.ಯಲ್ಲಿ ಗುಂಗುರು ಕೂದಲಿನವನು ಹೆಂಡತಿಗೆ ಹಳೆಯ ದಿನಗಳನ್ನು ನೆನಪಿಸುತ್ತಿದ್ದ. ಆ ಹಳೆಯ ದಿನಗಳಲ್ಲಿ ಅವನು ಇರಲೇ ಇಲ್ಲ! ಆದರೂ ಅವಳು ಅಳುತ್ತಿದ್ದಳು. ಅವಳ ಜೊತೆ ನನ್ನವಳೂ.

ಗುರುವಾರ ನಾನು ಪ್ರಯತ್ನವನ್ನು ತೀವ್ರಗೊಳಿಸಿದೆ. ಮೇಲ್ದುಟಿಯನ್ನು ಬೆರಳಿನಿಂದ ಸವರಿದೆ. ಟೀ ಕುಡಿದು, "ಈಗೀಗ ಟೀ ಎಷ್ಟು ಸಲೀಸಾಗಿ ಕುಡೀಬಹುದು!" ಎಂದೆ.

"ಆರಿಹೋಗಿರ್ಬೇಕು" ಎಂದಳು ಹೆಂಡತಿ.

"ಯಾಕೋ ಮೂಗಿನ ಕೆಳಗೆ ಚಳಿ."

"ಕಿಟಕಿ ಹಾಕ್ಕೊಳ್ಳಿ."

ಇಲ್ಲದ ಮೀಸೆಯನ್ನು ಹುರಿ ಮಾಡುತ್ತಾ ಹಜಾರದಲ್ಲಿ ನಾಲ್ಕು ಸುತ್ತು ಹಾಕಿದೆ. ಅತ್ತೆ, "ಹೊಟ್ಟೆ ಸರಿ ಇಲ್ವಾ?" ಎಂದು ಕೇಳಿದರು.

ನಗುತ್ತಿದ್ದೀರಿ, ನಗಿ. ನನಗೆ ಮಾತ್ರ ಅಂದು ನಿಜವಾಗಿ ಬೇಜಾರಾಯಿತು. ಹದಿನೇಳು ವರ್ಷ ಎದುರುಬದುರು ಕೂತು ಉಂಡಿದ್ದೇವೆ. ಮೂಗಿನ ಕೆಳಗಿದ್ದ ಒಂದು ಪೊದೆಯೇ ಕಾಣೆಯಾದರೂ ಇವಳಿಗೆ ಗೊತ್ತಾಗುವುದಿಲ್ಲವೆಂದರೆ, ಇಷ್ಟು ದಿನ ಇವಳು ನೋಡುತ್ತಿದ್ದದ್ದು ಯಾರನ್ನು? ನಾಳೆ ನಾನು ಮುಖ ತೊಳೆಯಲು ಹೋಗಿ ಬೇರೆ ಯಾರೋ ಹೊರಗೆ ಬಂದರೆ, ಇವಳೂ ‘ಟೀ ಆರಿಹೋಗ್ತಿದೆ’ ಎನ್ನುತ್ತಾಳಲ್ಲ! ನನ್ನ ಕಣ್ಣು ತುಂಬಿ ಬಂತು. ಒರೆಸಿಕೊಳ್ಳುತ್ತಾ, ‘ಈಗಾದರೂ ಕೇಳಬಹುದು’ ಎಂದು ಸ್ವಲ್ಪ ಹೊತ್ತು ಕಾದೆ. ಕೇಳಲಿಲ್ಲ.

ಶುಕ್ರವಾರ ಏಳೂವರೆಗೆ ನನ್ನ ಸಹನೆಯ ಕಟ್ಟೆ ಒಡೆಯಿತು. ಗುಂಗುರು ಕೂದಲಿನವನು ತೆರೆದ ಬಾಯಿ ಮುಚ್ಚುವುದರೊಳಗೆ ನಾನು ಟಿ.ವಿ.ಗೆ ಅಡ್ಡವಾಗಿ ನಿಂತೆ.

"ಎಲ್ಲರೂ ಇಲ್ಲಿ ನೋಡಿ! ನನ್ನ ಮುಖದಲ್ಲಿ ಏನಿಲ್ಲ ಹೇಳಿ!"

"ಕಳೆ" ಎಂದರು ಅತ್ತೆ.

"ಮೀಸೆ! ಮೀಸೆ ಇಲ್ಲ! ಮೂರು ದಿನ ಆಯ್ತು! ಒಬ್ಬರಿಗಾದ್ರೂ ಗೊತ್ತಾಯ್ತಾ? ಧಾರಾವಾಹಿ ನೋಡಿ ನೋಡಿ ನಿಮಗೆಲ್ಲ ಮನುಷ್ಯರ ಮುಖವೇ ಮರೆತುಹೋಗಿದೆ!"

ಮಗಳು ಎದ್ದು ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ಟಿ.ವಿ.ಯ ಕೆಳಗಿನ ಕಪಾಟಿಗೆ ಅಂಟಿಸಿದ್ದ ಒಂದು ಉದ್ದನೆಯ ಕಾಗದದ ಪಟ್ಟಿ ತೋರಿಸಿದಳು. ಬಣ್ಣಬಣ್ಣದ ಪೆನ್ಸಿಲಿನಲ್ಲಿ ಗೇಣುದ್ದದ ಅಕ್ಷರ: ‘ಇಂದಿನಿಂದ ಗಂಡನ ಪಾತ್ರದಲ್ಲಿ ಹೊಸಬರು.’

"ಬುಧವಾರವೇ ಅಂಟಿಸಿದ್ದೆ ಅಪ್ಪಾ. ಮೂರು ದಿನದಿಂದ ಇಲ್ಲೇ ಇದೆ" ಎಂದಳು.

"ನೀವು ಮೆಟ್ಟಿಲು ಹತ್ತೋವಾಗ್ಲೇ ಕಿಟಕಿಯಿಂದ ನೋಡಿದ್ದೆ. ಕಿರುಚೋದೊಂದು ಬಾಕಿ. ಅಮ್ಮನೇ ಬಾಯಿಗೆ ಸೆರಗು ತುರುಕಿದ್ಲು" ಎಂದಳು ಹೆಂಡತಿ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವು ಯಾಕೆ ಹೇಳ್ಲಿಲ್ಲ?"

"ಏನನ್ನ?"

ಅವಳು ಕನ್ನಡಕ ತೆಗೆದು ನನ್ನ ಅಂಗೈಯಲ್ಲಿಟ್ಟಳು. ಕೆಂಪು. ದುಂಡಗೆ, ಅಚ್ಚ ಕೆಂಪು. ಅವಳ ಕನ್ನಡಕ ಯಾವಾಗಲೂ ಕಪ್ಪು, ಚೌಕ. ನಾನೇ ಏಳು ವರ್ಷದ ಹಿಂದೆ ಮಾಡಿಕೊಟ್ಟದ್ದು. ಬೀದಿಯ ಆ ತುದಿಯಿಂದ ಕಾಣುವಂಥ ಈ ಕೆಂಪು ಯಾವಾಗ ಬಂತು?

"ಕಡ್ಡಿ ನೋಡಿ" ಎಂದಳು.

ನೋಡಿದೆ. ಎಡಗಡೆಯ ಕಡ್ಡಿ ಬಲಗಡೆಯದಕ್ಕಿಂತ ಒಂದು ಗುಲಗಂಜಿಯಷ್ಟು ಮೇಲೆ ಬಗ್ಗಿತ್ತು. ಚಿಮುಟದ ಗುರುತು ನನ್ನದೇ. ಅಷ್ಟು ನಾಜೂಕಾಗಿ ಬಗ್ಗಿಸುವವರು ಈ ಬೀದಿಯಲ್ಲಿ ಬೇರೆ ಯಾರೂ ಇಲ್ಲ. ನಾನು ಮೆಲ್ಲಗೆ ತಲೆಯೆತ್ತಿ ಅವಳ ಕಿವಿ ನೋಡಿದೆ. ನೆಲಮಹಡಿ. ಮೊದಲನೇ ಮಹಡಿ.

"ಕಾಣ್ತಿಲ್ಲ ರೀ, ಮಂಜಾಗಿದೆ ಅಂತ ಎರಡು ತಿಂಗಳು ಹೇಳಿದೆ. ನಾಳೆ ನೋಡೋಣ ಅಂದ್ರಿ. ಸರಿ, ಗಂಡ ನೋಡದಿದ್ರೆ ಅಂಗಡಿಯವನಾದ್ರೂ ನೋಡ್ತಾನೆ ಅಂತ ಬಂದು ಸಾಲಿನಲ್ಲಿ ಕೂತೆ. ಉಜ್ಜಪ್ಪನೋರು ಪರೀಕ್ಷೆ ಮಾಡಿದ್ರು. ಆಮೇಲೆ ನೀವು ಬಂದ್ರಿ. ಅರ್ಧ ಗಂಟೆ ನನ್ನ ಕಿವಿ ಹಿಡ್ಕೊಂಡಿದ್ರಿ. ‘ತಲೆ ಅಲ್ಲಾಡಿಸ್ಬೇಡಿ ಅಮ್ಮಾ’ ಅಂದ್ರಿ. ಕೊನೆಗೆ, ‘ಮೂರು ದಿನ ಹಾಗನ್ನಿಸುತ್ತೆ, ಆಮೇಲೆ ಅಭ್ಯಾಸ ಆಗುತ್ತೆ’ ಅಂತ ಹೇಳಿ ಕಳಿಸಿದ್ರಿ." ಅವಳು ನನ್ನ ಅಂಗೈಯಲ್ಲಿದ್ದ ಕನ್ನಡಕವನ್ನು ಬೆರಳಿನಿಂದ ತಟ್ಟಿದಳು. "ನಾನು ಮೂರು ದಿನ ಅಲ್ಲ, ಹದಿನೆಂಟು ದಿನ ಕಾದೆ ರೀ."

ಊರಿಗೆಲ್ಲ ಕಣ್ಣು ಕೊಡುವ ಅಂಗಡಿಯವನ ಮನೆಯಲ್ಲೇ ದೀಪದ ಬುಡದ ಕತ್ತಲೆ. ಉಜ್ಜಪ್ಪನವರು ಅಷ್ಟು ಹೊತ್ತು ನಕ್ಕದ್ದು ಬರೀ ಮೀಸೆಗಾಗಿ ಅಲ್ಲ ಎಂಬುದೂ ಈಗ ಹೊಳೆಯಿತು. ಇಡೀ ಸಂಸಾರ ಸೇರಿ ನನ್ನ ಕಿವಿಗೆ ಹೂವಿಟ್ಟಿತ್ತು. ಕಿವಿಯ ಬಗ್ಗೆ ಕೊಚ್ಚಿಕೊಂಡವನು ನಾನೇ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಎದ್ದು ನಿಲ್ಲೋಣವೆಂದರೆ, ಮೀಸೆಯೂ ಇರಲಿಲ್ಲ.

"ತಪ್ಪಾಯ್ತು ಕಣೇ" ಎಂದೆ. ಕೆಂಪು ಕನ್ನಡಕವನ್ನು ನಾನೇ ಅವಳಿಗೆ ಹಾಕಿದೆ. ಈ ಸಲ ಮುಖ ನೋಡಿಕೊಂಡು ಹಾಕಿದೆ. ಚೆನ್ನಾಗಿ ಒಪ್ಪುತ್ತಿತ್ತು, ಅದನ್ನೂ ಹೇಳಿದೆ.

"ನಿಮಗೂ ಮೀಸೆ ಇಲ್ಲದೆ ಪರವಾಗಿಲ್ಲ" ಎಂದಳು ನಾಚಿ.

"ಹಳೇಬರೇ ವಾಸಿ ಇದ್ರು" ಎಂದರು ಅತ್ತೆ. "ಅದಿರ್ಲಿ, ಪಾತ್ರದ ಮಾತು ಮುಗೀತು. ಪಾತ್ರೆ ಮಾತೇನಾಯ್ತು?"

ಅಂದಿನಿಂದ ನನ್ನ ಪಾತ್ರ ಪಾತ್ರೆಯ ಮುಂದೆ. ಮೀಸೆ ಮತ್ತೆ ಬಂತು, ಆದರೆ ಸೋಪಿನ ನೊರೆ ಹತ್ತಿ ಅರ್ಧ ಬೆಳ್ಳಗೆ ಕಾಣುತ್ತದೆ. ಮೂರು ತಿಂಗಳು ಬಾಯಿ ಬಿಡದೆ ಉಜ್ಜಿದೆ. ಅಂಗಡಿಯಲ್ಲೊಬ್ಬ ಉಜ್ಜಪ್ಪ, ಮನೆಯಲ್ಲೊಬ್ಬ. ಹೋದ ವಾರ ಮಗಳು ಓಡಿ ಬಂದು, "ಅಪ್ಪಾ, ಶುಕ್ರವಾರ ಕೊನೇ ಕಂತಂತೆ!" ಎಂದಾಗ ನನ್ನ ಕೈಯಲ್ಲಿದ್ದ ತಪ್ಪಲೆ ಜಾರಿ ಬಿತ್ತು. ನಾಲ್ಕು ವರ್ಷ ಶಪಿಸಿದ ಧಾರಾವಾಹಿಯನ್ನು ಅಂದು ಮನಸಾರೆ ಹರಸಿದೆ.

ಶುಕ್ರವಾರ ಸಿಂಕಿನ ಮುಂದೆ ನಿಂತು ಕೊನೆಯ ಬಟ್ಟಲನ್ನು ಪ್ರೀತಿಯಿಂದ ತೊಳೆಯುತ್ತಾ ಕಿವಿಗೊಟ್ಟಿದ್ದೆ. ಹಜಾರದಿಂದ ಸಂಗೀತ ಜೋರಾಯಿತು. ಯಾರೋ ಸತ್ತರು. ಯಾರೋ ಕ್ಷಮಿಸಿದರು. ಆಮೇಲೆ ಎಲ್ಲ ನಿಶ್ಶಬ್ದ. ಕೈ ಒರೆಸಿಕೊಂಡೆ.

"ಮುಗೀತೇನೇ?" ಎಂದು ಕೂಗಿದೆ.

"ಇಲ್ಲ ರೀ! ಅದು ಮೊದಲನೇ ಭಾಗದ ಕೊನೇ ಕಂತಂತೆ. ಈಗ ‘ಇಪ್ಪತ್ತು ವರ್ಷಗಳ ನಂತರ’ ಅಂತ ಬಂತು. ಎಲ್ಲರೂ ಹೊಸಬರು!"

ನಾನು ಸಿಂಕನ್ನು ಭದ್ರವಾಗಿ ಹಿಡಿದುಕೊಂಡೆ. ನೆಲ ಎದ್ದು ಬಂದ ಹಾಗಾಗುತ್ತಿತ್ತು. ಅವಳು ಅಡುಗೆಮನೆಯ ಬಾಗಿಲಿಗೆ ಬಂದು, ಕೆಂಪು ಕನ್ನಡಕ ಏರಿಸಿಕೊಂಡು, ಟೀ ಕುಡಿದ ನಾಲ್ಕು ಲೋಟಗಳನ್ನು ನನ್ನ ಮುಂದಿಟ್ಟಳು.

"ಮೂರು ದಿನ ಹಾಗನ್ನಿಸುತ್ತೆ ರೀ" ಎಂದಳು. "ಆಮೇಲೆ ಅಭ್ಯಾಸ ಆಗುತ್ತೆ."