ಒಂದು ಗಂಟೆಯ ಸೈಕಲ್ ದಾರಿ

ಎಲ್ಲ ಶುರುವಾಗಿದ್ದು ಬೋರ್ಡಿನಲ್ಲಿ ಉಳಿದುಹೋಗಿದ್ದ ಒಂದು ಖಾಲಿ ಜಾಗದಿಂದ.

ಸೈಕಲ್ ಪ್ರವಾಸಿಗಳಿಗೆಂದು ನಮ್ಮ ಫುಯೆಂತೆಪಾರ್ದಾ ಊರಿನ ಸುತ್ತ ಹೊಸದಾಗಿ ಒಂದು ದಾರಿ ಗುರುತು ಮಾಡಿದ್ದರು. ಊರ ಚೌಕದಿಂದ ಹೊರಟು, ಕಾಲುವೆ ಏರಿಯ ಮೇಲೆ ಸಾಗಿ, ಒಬ್ದೂಲಿಯಾ ಅಜ್ಜಿಯ ಕುರಿದೊಡ್ಡಿ ದಾಟಿ, ವೈನ್ ಇಡುವ ನೆಲಮಾಳಿಗೆಗಳ ಗುಡ್ಡವನ್ನು ಬಳಸಿ, ಸೂರ್ಯಕಾಂತಿ ಹೊಲಗಳ ನಡುವೆ ಮತ್ತೆ ಚೌಕಕ್ಕೆ. ಒಟ್ಟು ಹದಿನಾಲ್ಕು ಕಿಲೋಮೀಟರ್. ಏರಿಲ್ಲ, ಇಳಿಜಾರಿಲ್ಲ, ಲಟ್ಟಿಸುವ ಮಣೆಯ ಹಾಗೆ ಮಟ್ಟಸ. ಚೌಕದಲ್ಲಿ ನೆಡುವ ಬೋರ್ಡಿಗೆ ದೂರ ಬರೆದಾಗಿತ್ತು, ನಕ್ಷೆಯೂ ಆಗಿತ್ತು. ‘ಬೇಕಾಗುವ ಸಮಯ’ ಎಂಬುದರ ಮುಂದೆ ಮಾತ್ರ ಏನೂ ಇರಲಿಲ್ಲ.

“ನಾಳೆ ನೀನೇ ಒಂದ್ ಸುತ್ತು ಹೊಡ್ಕೊಂಡ್ ಬಾ ಗುಮೆರ್” ಎಂದಳು ಮೇಯರ್ ಕಸಿಲ್ದಾ. “ಸೋಮವಾರ ಬೋರ್ಡು ಬರೆಯೋಕೆ ಕಳಿಸಬೇಕು.”

ಗುಮೆರ್ಸಿಂದೊ ನಮ್ಮ ಊರಾಡಳಿತದ ಏಕೈಕ ನೌಕರ. ನೀರಿನ ಮೀಟರು ಓದುವವನೂ ಅವನೇ, ಚರಂಡಿ ಬಿಡಿಸುವವನೂ ಅವನೇ, ಸತ್ತವರಿಗೆ ಗುಂಡಿ ತೋಡುವವನೂ ಅವನೇ. ವಯಸ್ಸು ಐವತ್ತನಾಲ್ಕು. ಸೈಕಲ್ ಹತ್ತಿ ಮೂವತ್ತು ವರ್ಷವಾಗಿತ್ತು.

“ನಾಳೆ ಭಾನುವಾರ ಮೇಯರಮ್ಮ. ಸಂಜೆ ಐದಕ್ಕೆ ಫೈನಲ್ ಇದೆ.”

“ಗೊತ್ತಪ್ಪ. ಹದಿನಾಲ್ಕು ಕಿಲೋಮೀಟರ್‌ಗೆ ಎಷ್ಟು ಹೊತ್ತು ಬೇಕು? ಒಂದ್ ಗಂಟೆ. ಹತ್ತಕ್ಕೆ ಹೊರಟ್ರೆ ಹನ್ನೊಂದಕ್ಕೆ ಮನೇಲಿರ್ತೀಯ. ದಾರೀಲಿ ಇರೋರ ಹತ್ರ ಬಂದ ಹೊತ್ತು, ಹೋದ ಹೊತ್ತು ಬರೆಸ್ಕೊಂಡು ಸಹಿ ಹಾಕಿಸ್ಕೋ. ಪಟ್ಟಣದ ಆಫೀಸ್‌ನೋರು ಸಹಿ ಇಲ್ದೆ ಏನನ್ನೂ ನಂಬಲ್ಲ.”

ಫೈನಲ್ ಎಂದರೆ ಮುಸ್ ಆಟದ ಫೈನಲ್. ಮುಸ್ ನಮ್ಮ ಕಡೆಯ ಇಸ್ಪೀಟಾಟ. ಇಬ್ಬಿಬ್ಬರು ಜೋಡಿಯಾಗಿ ಆಡುತ್ತಾರೆ, ಜೊತೆಗಾರನಿಗೆ ಮುಖದ ಸನ್ನೆಯಲ್ಲೇ ಎಲೆ ತಿಳಿಸುತ್ತಾರೆ. ಅದೇನೂ ಕಳ್ಳಾಟವಲ್ಲ, ಆಟದ ಕಾನೂನೇ ಹಾಗೆ. ಕೆಳತುಟಿ ಕಚ್ಚಿದರೆ ಎರಡು ರಾಜ ಇವೆ ಎಂದರ್ಥ. ಒಂದು ಕಣ್ಣು ಮಿಟುಕಿಸಿದರೆ ಕೈಯಲ್ಲಿರುವ ಎಲೆಗಳ ಮೊತ್ತ ಮೂವತ್ತೊಂದು. ಅದಕ್ಕಿಂತ ಒಳ್ಳೆಯ ಲೆಕ್ಕ ಆಟದಲ್ಲಿಲ್ಲ. ಗೆದ್ದ ಜೋಡಿಗೆ ಉಪ್ಪು ಹಾಕಿ ಎರಡು ವರ್ಷ ಒಣಗಿಸಿದ ಒಂದು ಇಡೀ ಹಂದಿತೊಡೆ ಬಹುಮಾನ. ಒಂದು ತಿಂಗಳಿಂದ ಅದು ಬಾರಿನ ತೊಲೆಯಿಂದ ನೇತಾಡುತ್ತಿತ್ತು. ಗುಮೆರ್ಸಿಂದೊ ದಿನಾ ಕಾಫಿ ಕುಡಿಯುವಾಗ ಅದನ್ನು, ಮದುವೆ ಗೊತ್ತಾದ ಗಂಡು ಹುಡುಗಿಯನ್ನು ನೋಡುವ ಹಾಗೆ, ಕದ್ದು ನೋಡುತ್ತಿದ್ದ. ಹನ್ನೊಂದು ವರ್ಷದಿಂದ ಆಡಿದರೂ ಫೈನಲ್‌ಗೆ ಬಂದದ್ದು ಇದೇ ಮೊದಲು. ಹಿಂದಿನ ಭಾನುವಾರ ಮೇಯರಮ್ಮ ಮತ್ತು ಪಾದ್ರಿ ದೋನ್ ವೆನಾನ್ಸಿಯೊ ಅವರ ಜೋಡಿಯನ್ನು ಸೋಲಿಸಿ ಮೂರನೇ ಸ್ಥಾನಕ್ಕೆ ತಳ್ಳಿದ್ದ. ಮೇಯರಮ್ಮ ಒಳ್ಳೆಯ ಹೆಂಗಸು, ನಗುನಗುತ್ತಲೇ ಕೈಕುಲುಕಿದ್ದಳು.

ಭಾನುವಾರ ಬೆಳಗ್ಗೆ ಚೌಕದಲ್ಲಿ ಅವನ ಭಾವ ಹಾಗೂ ಆಟದ ಜೊತೆಗಾರ ಸಿರಿಯಾಕೊ ಕಾದು ನಿಂತಿದ್ದ. ಗುಮೆರ್ಸಿಂದೊ ಬಂದದ್ದು ಅಂಚೆಯವನಿಂದ ಎರವಲು ತಂದ ಸೈಕಲ್ಲಿನಲ್ಲಿ. ಮೈಮೇಲೆ ಊರಾಡಳಿತ ಕೊಟ್ಟ ಹಳದಿ ಬಿಗಿಯಂಗಿ, ಬಿಗಿಚಡ್ಡಿ. ಎರಡೂ ಯಾರೋ ಸಣಕಲನ ಅಳತೆಯವು.

“ಭಾವ, ಹೆಂಗ್ ಕಾಣ್ತೀನಿ?”

“ದಾರ ಬಿಗಿದ ಸಾಸೇಜ್ ಹಂಗೆ” ಎಂದ ಸಿರಿಯಾಕೊ. “ನೋಡು, ಗಡಿಯಾರ ಐದು ಹೊಡೆಯೋವಾಗ ಮೇಜಿನ ಹತ್ರ ಇರ್ಬೇಕು. ಜೋಡೀಲಿ ಒಬ್ಬ ಇಲ್ದಿದ್ರೂ ಸೋತಂಗೇ. ಎಲ್ಲೂ ಇಳೀಬೇಡ, ಏನೂ ತಿನ್ಬೇಡ, ಯಾರ ಹತ್ರಾನೂ ಕೂತ್ಕೋಬೇಡ.”

“ಹನ್ನೊಂದಕ್ಕೆ ಇಲ್ಲಿರ್ತೀನಿ ಭಾವ.”

ಹತ್ತಕ್ಕೆ ಸರಿಯಾಗಿ ಹೊರಟ. ಕಾಲುವೆ ಏರಿಯ ಮೇಲೆ ತಣ್ಣನೆ ಗಾಳಿ ಬೀಸುತ್ತಿತ್ತು, ಗೋಧಿ ಹೊಂಬಣ್ಣಕ್ಕೆ ತಿರುಗಿತ್ತು. ಹತ್ತೂ ಇಪ್ಪತ್ತಕ್ಕೆ ಒಬ್ದೂಲಿಯಾ ಅಜ್ಜಿಯ ದೊಡ್ಡಿ ಬಂತು. ಸೀಟು ಒತ್ತುತ್ತಿದ್ದ ನೋವಿಗೆ ಗುಮೆರ್ಸಿಂದೊ ತುಟಿ ಕಚ್ಚಿಕೊಂಡಿದ್ದ.

“ಎರಡು ರಾಜ ಬಿದ್ವೇನೋ ಮಗಾ?” ಎಂದು ನಕ್ಕಳು ಅಜ್ಜಿ. “ಇಳಿ, ಇಳಿ. ನೀನು ಬರ್ತೀಯಾಂತ ನಿನ್ನೇನೇ ಗೊತ್ತಾಯ್ತು.”

“ಒಂದ್ ಸಹಿ ಸಾಕು ಅಜ್ಜಿ. ಇಳಿಯೋ ಹಂಗಿಲ್ಲ.”

ಅಜ್ಜಿಯ ಮುಖ ಬಾಡಿತು. “ಹೂಂ, ನಿನ್ ತಾತನೂ ಹಿಂಗೇ. ಆಲಿಕಲ್ಲು ಬಿದ್ದ ವರ್ಷ ನಮ್ಮಜ್ಜಿ ಚೀಸ್ ಕೊಟ್ರೆ ಬೇಡ ಅಂದ. ನಮ್ಮನೇಲಿ ಇನ್ನೂ ಅದನ್ನ ಆಡ್ಕೋತಾರೆ.”

ನಮ್ಮ ಊರಲ್ಲಿ ಕೊಲೆ ಮಾಡಿದವನನ್ನಾದರೂ ಮರೆಯುತ್ತಾರೆ, ಕೊಟ್ಟದ್ದನ್ನು ಬೇಡ ಎಂದವನನ್ನು ಮರೆಯುವುದಿಲ್ಲ. ಎಪ್ಪತ್ತು ವರ್ಷದ ಹಗೆಯನ್ನು ಮೊಮ್ಮಗನ ಕಾಲಕ್ಕೂ ಎಳೆಯುವ ಮನಸ್ಸು ಗುಮೆರ್ಸಿಂದೊಗೆ ಇರಲಿಲ್ಲ. ಇಳಿದ. ಒಂದು ತುಂಡು ತಿಂದು ಎದ್ದುಬಿಡೋಣ ಎಂದುಕೊಂಡ. ಅಜ್ಜಿ ಮೊದಲು ಎಳೆಯ ಚೀಸು ಕೊಟ್ಟಳು. ಅದನ್ನು ತಿಂದವನು ಆರು ತಿಂಗಳದನ್ನು ತಿನ್ನದಿದ್ದರೆ ಎಳೆಯದು ರುಚಿಯಾಗಿರಲಿಲ್ಲ ಎಂದಂತೆ. ಆರು ತಿಂಗಳದನ್ನು ತಿಂದ ಮೇಲೆ ಎರಡು ವರ್ಷದ್ದನ್ನು ಬಿಟ್ಟರೆ ಅಜ್ಜಿಗೆ ವಯಸ್ಸಾಯಿತು ಎಂದು ಆಡಿಕೊಂಡಂತೆ. ಆಮೇಲೆ ಕುರಿಗಳನ್ನು ಒಂದೊಂದಾಗಿ ಹೆಸರು ಹಿಡಿದು ಪರಿಚಯ ಮಾಡಿಸಿದಳು. ಅರುವತ್ತೆರಡು ಕುರಿ.

ಅಜ್ಜಿ ಕನ್ನಡಕ ಹಾಕಿಕೊಂಡು ಹಾಳೆಯಲ್ಲಿ ಚೆಂದವಾಗಿ ಬರೆದಳು: ಬಂದದ್ದು ಹತ್ತೂ ಇಪ್ಪತ್ತು, ಹೋದದ್ದು ಒಂದೂ ಕಾಲು.

“ಅಜ್ಜಿ, ಹೋದದ್ದು ಹತ್ತೂವರೆ ಅಂತ ಬರೀರಿ.”

“ಎಂಬತ್ತೊಂದು ವರ್ಷ ಸುಳ್ಳು ಬರ್ದಿಲ್ಲ, ಈಗ ನಿನ್ ಸೈಕಲ್‌ಗೋಸ್ಕರ ಬರೀಲಾ?”

ಹೋಗಲಿ, ಐದಕ್ಕೆ ಇನ್ನೂ ಹತ್ತಿರ ಹತ್ತಿರ ನಾಲ್ಕು ಗಂಟೆ ಇದೆ ಎಂದುಕೊಂಡು ಪೆಡಲು ತುಳಿದ. ಬಿಸಿಲೇರಿತ್ತು. ಹೊಟ್ಟೆಯೊಳಗಿನ ಚೀಸು ಒಂದು ಕಡೆ ಎಳೆದರೆ ಹ್ಯಾಂಡಲ್ಲು ಇನ್ನೊಂದು ಕಡೆ ಎಳೆಯುತ್ತಿತ್ತು. ಒಂದು ಸಲ ಕಾಲುವೆಗೇ ಇಳಿದ. ನೀರು ಮೊಣಕಾಲಿನಷ್ಟೇ ಇದ್ದದ್ದರಿಂದ ಊರಿಗೆ ನೌಕರ ಉಳಿದ. ಚೈನು ಕಳಚಿತ್ತು, ಹಾಕುವಷ್ಟರಲ್ಲಿ ಮುಖಕ್ಕೆಲ್ಲ ಗ್ರೀಸು.

ನೆಲಮಾಳಿಗೆ ಗುಡ್ಡದ ಬಳಿ ಬಂದಾಗ ಎರಡೂ ಕಾಲು. ಅಲ್ಲಿ ಪ್ರತಿ ಮನೆತನಕ್ಕೂ ಮಣ್ಣುಗುಡ್ಡ ಕೊರೆದು ಮಾಡಿದ ಒಂದೊಂದು ಗುಹೆ ಇದೆ. ಒಳಗೆ ವೈನಿನ ಪೀಪಾಯಿಗಳು, ಒಂದು ಉದ್ದನೆ ಮೇಜು, ಜೂನ್ ತಿಂಗಳ ಬಿಸಿಲಲ್ಲೂ ಕಂಬಳಿ ಬೇಡುವ ತಂಪು. ಒನೋರಿಯೊನ ಗುಹೆಯ ಬಾಗಿಲಲ್ಲಿ ಅವನ ತಮ್ಮ ಫಿದೆಲ್ ಒಣಗಿದ ದ್ರಾಕ್ಷಿಬಳ್ಳಿಯ ಕಡ್ಡಿಗಳ ಕೆಂಡದ ಮೇಲೆ ಕುರಿಮರಿಯ ಪಕ್ಕೆಲುಬು ಸುಡುತ್ತಿದ್ದ. ಈ ಅಣ್ಣತಮ್ಮಂದಿರೇ ಸಂಜೆಯ ಫೈನಲ್‌ನಲ್ಲಿ ಗುಮೆರ್ಸಿಂದೊನ ಎದುರಾಳಿಗಳು.

“ಬಾರಯ್ಯ ಬಾ, ಊಟಕ್ ಸರಿಯಾಗ್ ಬಂದೆ!” ಎಂದ ಒನೋರಿಯೊ.

ಗುಮೆರ್ಸಿಂದೊ ಸೀಟಿನಿಂದ ಇಳಿಯಲಿಲ್ಲ. “ಗೊತ್ತು ಬಿಡು ನಿನ್ನ ಆಟ. ನನ್ನ ಇಲ್ಲಿ ಕೂರಿಸಿ ಐದು ಗಂಟೆ ದಾಟಿಸ್ಬೇಕು ಅಂತಿದ್ದೀಯ.”

ಒನೋರಿಯೊಗೆ ನಿಜಕ್ಕೂ ನೋವಾಯಿತು. “ಲೋ, ತಲೆ ಇದೆಯೇನೋ ನಿಂಗೆ? ಆಡೋರು ನಾಲ್ಕು ಜನ. ನೀನಿಲ್ಲೇ ಇದ್ದೀಯ, ನಾನಿಲ್ಲೇ ಇದ್ದೀನಿ, ಫಿದೆಲ್ ಇಲ್ಲೇ ಇದ್ದಾನೆ. ನಮ್ಮನ್ ಬಿಟ್ಟು ಫೈನಲ್ ಎಲ್ಲಿಗ್ ಹೋಗತ್ತೆ? ತಿನ್ನೋಣ, ನಾಲ್ಕೂವರೆಗೆ ಎಲ್ರೂ ಒಟ್ಟಿಗೇ ಹೋಗೋಣ.”

ಈ ಮಾತಿನಲ್ಲಿ ಗುಮೆರ್ಸಿಂದೊ ಎಷ್ಟು ಹುಡುಕಿದರೂ ತಪ್ಪು ಸಿಗಲಿಲ್ಲ. ಎದುರಾಳಿಗಳೇ ಕಣ್ಣೆದುರಿಗೆ ಇರುವಾಗ ಹೆದರಿಕೆ ಯಾಕೆ? ಸೈಕಲ್ಲನ್ನು ಗೋಡೆಗೆ ಒರಗಿಸಿದ.

ಪಕ್ಕೆಲುಬು ಬಂದವು, ರೊಟ್ಟಿ ಬಂತು, ಮಣ್ಣಿನ ಹೂಜಿ ತುಂಬ ವೈನು ಬಂತು. ಹೋದ ವರ್ಷದ್ದನ್ನು ಕುಡಿದವನು ಅದರ ಹಿಂದಿನ ವರ್ಷದ್ದನ್ನು ಕುಡಿಯದಿದ್ದರೆ ಏನರ್ಥ ಎಂಬುದು ನಿಮಗೆ ಈಗಾಗಲೇ ಗೊತ್ತು. ಗಂಟೆ ಮೂರೂ ಮುಕ್ಕಾಲಾಯಿತು. ಊಟವಾದ ಮೇಲೆ ಕಣ್ಣು ಮುಚ್ಚದವನು ನಮ್ಮ ಕಡೆ ಒಂದೋ ಕಾಯಿಲೆಯವನು, ಇಲ್ಲವೇ ಹೊರಗಿನವನು.

“ಅರ್ಧ ಗಂಟೆ ಅಷ್ಟೇ” ಎಂದ ಒನೋರಿಯೊ ಬೆಂಚಿನ ಮೇಲೆ ಉರುಳುತ್ತ. “ಫಿದೆಲ್ ಎಬ್ಬಿಸ್ತಾನೆ.”

ಫಿದೆಲ್ ಆಗಲೇ ಗೊರಕೆ ಹೊಡೆಯುತ್ತಿದ್ದ.

ಗುಹೆಯೊಳಗೆ ಬಿಸಿಲು ಬರುವುದಿಲ್ಲ, ಚರ್ಚಿನ ಗಂಟೆ ಕೇಳುವುದಿಲ್ಲ, ಫೋನ್ ಸಿಗ್ನಲ್ ಅಂತೂ ದೇವರೇ ಬಂದರೂ ಸಿಗುವುದಿಲ್ಲ. ಗುಮೆರ್ಸಿಂದೊ ಚಳಿಗೆ ಎಚ್ಚರವಾಗಿ ಹೊರಗೆ ಬಂದು ನೋಡಿದರೆ ಸೂರ್ಯಕಾಂತಿಗಳ ನೆರಳು ಉದ್ದವಾಗಿತ್ತು. ಕೈಗಡಿಯಾರ ನೋಡಿಕೊಂಡ. ಆರೂ ಇಪ್ಪತ್ತು. ಫೋನಿನಲ್ಲಿ ಭಾವನ ಇಪ್ಪತ್ತೆಂಟು ಕರೆಗಳು ಒಟ್ಟಿಗೇ ಬಂದು ಬಿದ್ದವು.

“ಎದ್ದೇಳ್ರೋ! ಆರೂ ಇಪ್ಪತ್ತು!”

“ಅವಸರ ಯಾಕೋ” ಎಂದು ಒನೋರಿಯೊ ಆಕಳಿಸಿದ. “ನಾವು ಬರೋವರ್ಗೂ ಕಾಯ್ತಾರೆ.” ಹಾಳೆಗೆ ಸಮಯ ಬರೆದು ಸಹಿಯನ್ನೂ ಹಾಕಿದ. ಅವನೂ ಸುಳ್ಳು ಬರೆಯುವವನಲ್ಲ.

ಮೂವರೂ ಚೌಕಕ್ಕೆ ಬಂದಾಗ ಏಳು ಹೊಡೆಯಿತು. ಗುಮೆರ್ಸಿಂದೊ ಸೈಕಲ್ ಮೇಲೆ, ಅಣ್ಣತಮ್ಮಂದಿರು ಅಕ್ಕಪಕ್ಕ ನಡಿಗೆಯಲ್ಲಿ. ನಡೆಯುತ್ತಿದ್ದವರೇ ಮುಂದಿದ್ದರು.

ಬಾರಿನಲ್ಲಿ ಸಿರಿಯಾಕೊ ಕೈಕಟ್ಟಿಕೊಂಡು ಒಬ್ಬನೇ ಮೇಜಿನ ಮುಂದೆ ಕೂತಿದ್ದ. ಭಾವನನ್ನು ಆ ಸ್ಥಿತಿಯಲ್ಲಿ ನೋಡಿ ಗುಮೆರ್ಸಿಂದೊಗೆ ಅಳು ಬಂದಂತಾಯಿತು. ತೊಲೆಯ ಕೊಕ್ಕೆಯಲ್ಲಿ ಬರೀ ಹಗ್ಗ ಇತ್ತು. ಹಂದಿತೊಡೆ ಕೌಂಟರಿನ ಮೇಲಿತ್ತು. ಅದರ ಹಿಂದೆ ಉದ್ದನೆ ಚಾಕು ಹಿಡಿದು, ಕಾಗದದಷ್ಟು ತೆಳ್ಳಗೆ ಹೋಳು ತೆಗೆಯುತ್ತ ಮೇಯರಮ್ಮ ನಿಂತಿದ್ದಳು. ಪಕ್ಕದಲ್ಲಿ ಪಾದ್ರಿಗಳು ತಟ್ಟೆ ಹಿಡಿದಿದ್ದರು.

“ಏನ್ ಮಾಡೋದಪ್ಪ” ಎಂದಳು ಮೇಯರಮ್ಮ. “ಐದಕ್ಕೆ ನಿಮ್ ಜೋಡೀನೂ ಪೂರ್ತಿ ಇಲ್ಲ, ಅವರ ಜೋಡೀನೂ ಇಲ್ಲ. ಎರಡು ಜೋಡೀನೂ ಸೋತ್ರೆ ಬಹುಮಾನ ಮೂರನೇದಕ್ಕೆ. ಕಾನೂನು ಕಾನೂನೇ. ತಗೋ, ಒಂದ್ ಹೋಳು ತಿನ್ನು. ದಣಿದು ಬಂದಿದ್ದೀಯ.”

ಹನ್ನೊಂದು ವರ್ಷ ಕಾದ ಹಂದಿತೊಡೆ ತಟ್ಟೆಯಲ್ಲಿ ಮುಂದೆ ಬಂತು. ಗುಮೆರ್ಸಿಂದೊನ ಹೊಟ್ಟೆಯಲ್ಲಿ ಒಂದು ಸಾಸಿವೆಗೂ ಜಾಗವಿರಲಿಲ್ಲ. ಬೇಡ ಎನ್ನುವಂತೆಯೂ ಇರಲಿಲ್ಲ.

ಮೇಯರಮ್ಮ ಸಹಿಯ ಹಾಳೆಯನ್ನು ದೀಪಕ್ಕೆ ಹಿಡಿದು ಓದಿದಳು. “ಹತ್ತರಿಂದ ಏಳು. ಒಂಬತ್ತು ಗಂಟೆ. ಬೋರ್ಡಿಗೆ ಹಂಗೇ ಬರೆಸ್ತೀನಿ.”

“ಒಂದ್ ಗಂಟೆ ದಾರಿ ಮೇಯರಮ್ಮ ಅದು!”

“ಒಬ್ದೂಲಿಯಾ ಅಜ್ಜಿ ಸಹೀನ ಸುಳ್ಳು ಅಂತೀಯೇನು? ಒಂದ್ ಗಂಟೆ ದಾರಿ ಅಂದ್ರೆ ಸೈಕಲ್‌ನೋರು ಬಂದ ಹಂಗೇ ಹೋಗ್ತಾರೆ. ಒಂಬತ್ತು ಗಂಟೆ ಅಂದ್ರೆ ಊಟ ಮಾಡ್ತಾರೆ, ರಾತ್ರಿ ಉಳ್ಕೋತಾರೆ. ಒಂದೇ ತೊಂದ್ರೆ. ಆರು ಗಂಟೆಗಿಂತ ಉದ್ದದ ದಾರಿ ಆದ್ರೆ ಊರಿಂದ ಒಬ್ಬ ಜೊತೇಲಿ ಹೋಗ್ಬೇಕು ಅಂತ ಪಟ್ಟಣದೋರ ನಿಯಮ. ಸೈಕಲ್‌ನೋರು ಬರೋದು ಪ್ರತಿ ಭಾನುವಾರ. ದಾರಿ ಗೊತ್ತಿರೋನು ನೀನೊಬ್ನೇ.”

“ಭಾನುವಾರ ಮುಸ್ ಇರತ್ತಲ್ಲ!” ಎಂದು ಸಿರಿಯಾಕೊ ಎದ್ದುನಿಂತ.

“ಹೌದಲ್ವ?” ಎಂದಳು ಮೇಯರಮ್ಮ, ಆಗತಾನೇ ನೆನಪಾದವಳಂತೆ.

ಒನೋರಿಯೊ ಬಾಗಿಲ ಬಳಿ ತಲೆ ಕೆರೆಯುತ್ತ ನಿಂತಿದ್ದ. “ಅಲ್ಲ ಮೇಯರಮ್ಮ, ಆ ಕುರಿಮರಿ ಮಾಂಸ ನಿನ್ನೆ ಸಂಜೆ ನಮ್ಮನೆಗೆ ಕಳಿಸಿದ್ದು ನೀವೇ ಅಲ್ವ? ‘ನಾಳೆ ಗುಮೆರ್ ಬರ್ತಾನೆ, ಹಸಿದ ಹೊಟ್ಟೇಲಿ ಕಳಿಸಬೇಡಿ’ ಅಂತ?”

ಮೇಯರಮ್ಮ ಚಾಕು ಒರೆಸಿ, ಪಾದ್ರಿಗಳ ಕಡೆ ತಿರುಗಿ ಮೆಲ್ಲಗೆ ಒಂದು ಕಣ್ಣು ಮಿಟುಕಿಸಿದಳು.

ಮೂವತ್ತೊಂದು. ಗುಮೆರ್ಸಿಂದೊ ತಟ್ಟೆಯನ್ನು ಹತ್ತಿರ ಎಳೆದುಕೊಂಡು ತಿನ್ನತೊಡಗಿದ.