ಸೊಳ್ಳೆ ನೋಡಲು ಬಂದ ಟೀಚರ್

ಕಳೆದ ವರ್ಷ ಜೂನ್‌ನಲ್ಲಿ, ಶಾಲೆ ತೆರೆದ ಎರಡನೇ ವಾರ, ನಾನು ಗಡಿನಾಡಿನ ವರ್ಕಾಡಿಯ ಒಂದು ಮನೆಗೆ ಹೋಗತೊಡಗಿದೆ. ಮಕ್ಕಳ ಮನಸ್ಸಿಗೆ ಕಷ್ಟವಾದಾಗ ಮನೆಗೇ ಹೋಗಿ ಜೊತೆಗಿದ್ದು ಧೈರ್ಯ ತುಂಬುವುದು ನನ್ನ ಕೆಲಸ; ಆ ಮನೆಯವರಿಗೆ ನಾನು ಟೀಚರ್. ಹೋದಲ್ಲೆಲ್ಲ ಒಂದೇ ಕಥೆ: ನಾನು ಯಾರೆಂದು ನೆರೆಮನೆಗೆ ಯಾರೂ ನಿಜ ಹೇಳುವುದಿಲ್ಲ. ನಾನೂ ಹೇಳುವಂತಿಲ್ಲ. ಗುಟ್ಟು ಕಾಯುವುದು ಕೆಲಸದ ಮೊದಲ ನಿಯಮ.

ಆ ಮನೆಯಲ್ಲಿ ಏಳು ವರ್ಷದ ಹುಡುಗಿ, ಅವಳ ತಾಯಿ, ಅಜ್ಜಿ. ಹುಡುಗಿ ಮನೆಯವರ ಎದುರು ಬಾಯಿ ಮುಚ್ಚುವುದಿಲ್ಲ. ಹೊರಗಿನವರ ಎದುರು ತೆರೆಯುವುದಿಲ್ಲ. ಒಂದನೇ ಕ್ಲಾಸು ಪೂರ್ತಿ ಮೌನದಲ್ಲೇ ಮುಗಿದಿತ್ತು. ಓಣಂ ರಜೆಯೊಳಗೆ ಮಾತಾಡದಿದ್ದರೆ ಪೇಟೆಯ ವಿಶೇಷ ಶಾಲೆಗೆ ಸೇರಿಸುವುದು ಒಳ್ಳೆಯದು ಎಂದು ಕ್ಲಾಸ್ ಟೀಚರ್ ಹೇಳಿದ್ದರು.

"ಅವಳಿಗೆ ಎಂತ ಕಮ್ಮಿ ಉಂಟು ಟೀಚರೇ?" ಎಂದು ತಾಯಿ ನನ್ನೆದುರು ಕಣ್ಣೊರೆಸಿಕೊಂಡರು. "ಕಿವಿ ಉಂಟು, ನಾಲಗೆ ಉಂಟು, ಬುದ್ಧಿ ನನಗಿಂತ ಜಾಸ್ತಿ ಉಂಟು."

ಕಮ್ಮಿ ಏನಿಲ್ಲ, ಹೆದರಿಕೆ ಹೆಚ್ಚು. ಒತ್ತಾಯ ಮಾಡಬಾರದು ಎಂದೆ.

೧. ನಾಯಿಯ ಪಾತ್ರೆ

ಅಜ್ಜಿ ಮುಂಬಾಗಿಲ ಸಿಟೌಟಿನಲ್ಲಿ ಕೂತು ಬೀಡಿ ಕಟ್ಟುತ್ತಾರೆ. ಜೊತೆಗೆ ಪಕ್ಕದ ಮನೆಯ ಅಕ್ಕ. ಇಬ್ಬರನ್ನು ದಾಟದೆ ಒಳಗೆ ಹೋಗಲು ದಾರಿ ಇಲ್ಲ.

"ಇವರು ಯಾರು?" ಎಂದು ಮೊದಲ ದಿನವೇ ಅಕ್ಕ ಕೇಳಿದರು.

"ಸೊಳ್ಳೆ ನೋಡಲು ಬಂದದ್ದು," ಅಂದರು ಅಜ್ಜಿ, ತಲೆ ಎತ್ತದೆ. "ಡೆಂಗ್ಯೂ ಉಂಟಲ್ಲ."

"ಹಾಗಾದರೆ ನಮ್ಮಲ್ಲಿಯೂ ನೋಡಿ."

ನೋಡಿದೆ. ನಾನು ಡಿಗ್ರಿಯಲ್ಲಿ ಓದಿದ್ದು ಪ್ರಾಣಿಶಾಸ್ತ್ರ. ಅವರ ಫ್ರಿಜ್ಜಿನ ಹಿಂದಿನ ಟ್ರೇಯಲ್ಲಿ ಸೊಳ್ಳೆಮರಿಗಳು ಸಿಕ್ಕವು. ನನ್ನ ಮರ್ಯಾದೆ ಏರಿತು.

ಮುಂದಿನ ವಾರ ಬಸ್ಸಿಳಿದು ನಡೆದರೆ ದಾರಿಯುದ್ದಕ್ಕೂ ಡ್ರಮ್ಮು, ಬಕೆಟ್ಟು ಬೋರಲು ಬಿದ್ದಿದ್ದವು. ಒಬ್ಬ ಅಜ್ಜ ನಾಯಿಯ ನೀರಿನ ಪಾತ್ರೆಯನ್ನೂ ಮಗುಚಿ ಹಾಕಿ, "ಇಷ್ಟು ಸಾಕಾ?" ಎಂದು ಕೇಳಿದರು. ನಾಯಿ ನನ್ನನ್ನೇ ನೋಡುತ್ತಿತ್ತು.

೨. ಪರ್ಮನೆಂಟಾ?

ಜುಲೈಯಲ್ಲಿ ಅಕ್ಕನಿಗೆ ಸಂಶಯ ಬಂತು. "ವಾರ ವಾರ ಸೊಳ್ಳೆ ನೋಡುವುದಾ? ಅದೂ ಒಂದೇ ಮನೆಯಲ್ಲಿ, ಬಾಗಿಲು ಹಾಕಿ?"

ಅಜ್ಜಿ ಧ್ವನಿ ತಗ್ಗಿಸಿದರು. "ನಿನ್ನ ಹತ್ತಿರ ಎಂತ ಮುಚ್ಚುವುದು. ನಮ್ಮ ಸಣ್ಣವನಿಗೆ ನೋಡಿದ ಹುಡುಗಿ."

ಸಣ್ಣವನು ಅಜ್ಜಿಯ ಕಿರಿಯ ಮಗ, ದುಬೈಯಲ್ಲಿದ್ದಾನೆ. ಅಕ್ಕ ನನ್ನನ್ನು ಕರೆದು ಕೂರಿಸಿ, ಬೀಡಿ ಎಲೆಯ ಗೆರಸೆಯನ್ನು ನನ್ನ ಮಡಿಲಿಗೆ ಇಟ್ಟರು.

"ಒಂದು ಕಟ್ಟಿ, ನೋಡುವ."

ನಿಯಮ ನಿಯಮವೇ. ಕಟ್ಟಿದೆ. ನೂಲು ಬಿಗಿಯುವ ಮೊದಲೇ ಎಲೆ ಬಿಚ್ಚಿಕೊಂಡು ಹೊಗೆಸೊಪ್ಪೆಲ್ಲ ನೆಲಕ್ಕೆ ಬಿತ್ತು.

"ಪರವಾಗಿಲ್ಲ," ಎಂದು ಅಕ್ಕ ನಿಟ್ಟುಸಿರಿಟ್ಟರು. "ಸರ್ಕಾರಿ ಕೆಲಸ ಉಂಟಲ್ಲ."

ಅವರು ಮೊಬೈಲಿನಲ್ಲಿ ಏನೋ ಒತ್ತಿ ಕಳಿಸಿದರು; ಯಾರಿಗೆಂದು ನಾನು ಯೋಚಿಸಲಿಲ್ಲ. ನಾನು ಹೊರಡುವ ಮೊದಲೇ ದುಬೈಯಿಂದ ಅಜ್ಜಿಗೆ ಫೋನು ಬಂತು. ಸ್ಪೀಕರ್ ಆನ್ ಇತ್ತು.

"ಅಮ್ಮಾ, ಸೊಳ್ಳೆ ಕೆಲಸ ಪರ್ಮನೆಂಟಾ?"

೩. ಬೆಕ್ಕು

ಅಷ್ಟರಲ್ಲಿ ಹುಡುಗಿ ನನ್ನ ಪಕ್ಕದಲ್ಲಿ ಕೂರುತ್ತಿದ್ದಳು, ಚಿತ್ರ ಬರೆಯುತ್ತಿದ್ದಳು. ಮಾತು ಮಾತ್ರ ಇಲ್ಲ. ನಾನು ಹಳೆಯ ಸಾಕ್ಸಿಗೆ ಎರಡು ಗುಂಡಿ ಹೊಲಿದು ಬೆಕ್ಕು ಮಾಡಿ ತಂದೆ. "ಈ ಬೆಕ್ಕಿಗೆ ಏನು ಬೇಕಾದರೂ ಹೇಳಬಹುದು. ಅದು ಯಾರಿಗೂ ಹೇಳುವುದಿಲ್ಲ."

ಹುಡುಗಿ ಬೆಕ್ಕಿನ ಗುಂಡಿಕಣ್ಣು ಮುಟ್ಟಿ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಕೈ ಒರೆಸಿಕೊಂಡು ಬಂದು ಕೂತರು.

"ಯಾರಿಗೂ ಹೇಳುವುದಿಲ್ಲವಾ? ಹಾಗಾದರೆ ಕೇಳು ಮಾರಾಯ. ಸೊಸೆ ಸಾರಿಗೆ ಉಪ್ಪು ಹಾಕುವುದಿಲ್ಲ. ನನಗೆ ಬಿಪಿ ಅಂತೆ. ನನಗೆ ಬಿಪಿ ಏರುವುದೇ ಆ ಸಾರು ಉಂಡು."

ಬೆಕ್ಕು ನನ್ನ ಕೈಯಲ್ಲಿ ತಲೆಯಾಡಿಸಿತು. ಅಜ್ಜಿ ಮುಂದುವರಿಸಿದರು. ಬಹಳ ಹೊತ್ತು ಮುಂದುವರಿಸಿದರು.

ಅಡುಗೆಮನೆಯಿಂದ ತಾಯಿ ಕೂಗಿದರು, "ಟೀಚರೇ, ಅವರದ್ದು ಮುಗಿದ ಮೇಲೆ ಬೆಕ್ಕನ್ನು ಸ್ವಲ್ಪ ಇಲ್ಲಿ ಕೊಡಿ."

ಹುಡುಗಿ ನಕ್ಕಳು, ಗಟ್ಟಿಯಾಗಿ. ಅವಳ ಧ್ವನಿ ನಾನು ಕೇಳಿದ್ದು ಅದೇ ಮೊದಲು. ಆಮೇಲೆ ತಾಯಿಯ ಕಿವಿಯಲ್ಲಿ ನನ್ನೆದುರೇ ಪಿಸುಗುಟ್ಟಿದಳು, ಕೆಲವು ವಾರಗಳಲ್ಲಿ ನನ್ನ ಕಿವಿಯಲ್ಲೂ. ಆದರೆ ಬಾಗಿಲು ಹಾಕಿರಬೇಕು. ಓಣಂ ಹತ್ತಿರ ಬರುತ್ತಿತ್ತು.

೪. ಮೊಣಗಂಟು

ರಜೆಗೆ ಮೊದಲಿನ ಶುಕ್ರವಾರ ನಾನಿದ್ದಾಗಲೇ ಕ್ಲಾಸ್ ಟೀಚರ್ ಬಂದರು. ಕೈಯಲ್ಲಿ ವಿಶೇಷ ಶಾಲೆಯ ಅರ್ಜಿ. ತಾಯಿ ನನ್ನೊಂದಿಗೆ ಹೊರಗೆ ಬಂದು ಅವರಿಗೆ ಕುರ್ಚಿ ಹಾಕಿದರು. ಸಿಟೌಟಿನಲ್ಲಿದ್ದ ಅಕ್ಕನಿಗೆ ಇದೇ ಸಮಯ ಸಿಕ್ಕಿತು.

"ಇವತ್ತು ನಿಜ ಹೇಳಬೇಕು. ಇವರು ಸೊಳ್ಳೆಯವರಾ, ಮದುಮಗಳಾ?"

ಅಜ್ಜಿ ಒಮ್ಮೆ ನನ್ನನ್ನು, ಒಮ್ಮೆ ಕ್ಲಾಸ್ ಟೀಚರನ್ನು ನೋಡಿದರು.

"ನನ್ನ ಮೊಣಗಂಟಿಗೆ ಬರುವ ಡಾಕ್ಟರ್."

"ಅಜ್ಜಿ ಸುಳ್ಳು ಹೇಳುವುದು," ಎಂದಿತು ಬಾಗಿಲಿನಿಂದ ಒಂದು ಧ್ವನಿ. "ಇವರು ನನ್ನ ಟೀಚರ್. ನಾನು ಮಾತಾಡಲಿ ಅಂತ ಬರುವುದು."

ಕ್ಲಾಸ್ ಟೀಚರ್ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿದರು. "ರಜೆ ಮುಗಿದ ಮೇಲೆ ನನ್ನ ಕ್ಲಾಸಿಗೇ ಬರಬೇಕು, ಆಯ್ತಾ?"

"ಆಯ್ತು," ಅಂದಳು ಹುಡುಗಿ.

ತಾಯಿ ಒಳಗೆ ಹೋದರು. ನಳ್ಳಿಯ ನೀರು ಬಹಳ ಹೊತ್ತು ಬೀಳುವುದು ಕೇಳಿಸಿತು.

"ಇಷ್ಟು ಸಮಯ ಬಾಯಿ ಬಿಡದವಳು," ಅಂದರು ಅಜ್ಜಿ, "ಬಿಟ್ಟದ್ದು ನನ್ನ ಮಾನ ತೆಗೆಯಲಿಕ್ಕೆ." ಮುಖ ಮಾತ್ರ ಅರಳಿತ್ತು.

ನಾನು ಹೊರಟಾಗ ಅಕ್ಕ ಬಸ್ ಸ್ಟಾಪಿನವರೆಗೂ ಜೊತೆಗೆ ಬಂದರು. ಅಲ್ಲಿ ಆಚೀಚೆ ನೋಡಿದರು.

"ಟೀಚರೇ, ನನ್ನ ದೊಡ್ಡವನು ಪ್ಲಸ್ ಟು ಫೇಲಾದ ಮೇಲೆ ಕೋಣೆಯಿಂದ ಹೊರಗೆ ಬರುವುದಿಲ್ಲ. ನಮ್ಮಲ್ಲಿಗೂ ಬರುತ್ತೀರಾ?"

"ಬರುತ್ತೇನೆ."

"ಯಾರಾದರೂ ಕೇಳಿದರೆ ಸೊಳ್ಳೆ ನೋಡಲು ಬಂದದ್ದು ಅಂತ ಹೇಳುವ."

ಈಗ ಆ ದಾರಿಯಲ್ಲಿ ನಾನು ಸೊಳ್ಳೆ ನೋಡುವ ಮನೆಗಳು ಐದು.