ಪಾರವ್ವನ ಹೆಸರಿನ ಮಂಡಿ

ಸೋಮವಾರ ಖೊಖೊ ಅಭ್ಯಾಸದಲ್ಲಿ ಕಂಬ ಸುತ್ತಿ ತಿರುಗುವಾಗ ಪಾರವ್ವನ ಮಂಡಿ ಟಕ್ಕೆಂದಿತು. ಗುರುವಾರದ ಹೊತ್ತಿಗೆ ಬೇಯಿಸಿದ ಗೆಣಸಿನಂತೆ ಊದಿಕೊಂಡಿತ್ತು. ಸಿಂದಗಿಯಿಂದ ವಿಜಯನಗರದ ಈ ಕಾಲೇಜಿಗೆ ಅವಳನ್ನು ತಂದದ್ದೇ ಆ ಕಾಲು. ತಂಡದಲ್ಲಿ ಹೆಸರಿದ್ದರೆ ಹಾಸ್ಟೆಲ್, ಇಲ್ಲವಾದರೆ ಊರಿನ ಬಸ್ಸು. ಒಂದು ಸ್ಕ್ಯಾನ್ ಬರೆಸಿಕೊಳ್ಳೋಣವೆಂದು ಕಾಲೇಜಿನ ಡಾಕ್ಟರ್ ಸುಧೀಂದ್ರರ ಎದುರು ಕುಳಿತಳು.

ಡಾಕ್ಟರು ಮಂಡಿ ನೋಡಲಿಲ್ಲ, ಕಂಪ್ಯೂಟರ್ ನೋಡಿದರು. "ರಿಪೋರ್ಟ್ ಬಂದಿದೆಯಲ್ಲಮ್ಮ. ಮಂಡಿ ಪೂರ್ತಿ ಸವೆದಿದೆ. ಮುಟ್ಟು ನಿಂತು ಎಷ್ಟು ವರ್ಷ ಆಯ್ತು?"

"ನನಗ ಹತ್ತೊಂಬತ್ರಿ ಸರ! ಸ್ಕ್ಯಾನ್ ಮಾಡ್ಸೇ ಇಲ್ರಿ ನಾ."

"ನಿಮ್ ಹೆಸರೇ ಇದೆ. ಮರೆವೂ ಶುರುವಾಯ್ತಾ?" ಎಂದು ಅದನ್ನೂ ಬರೆದುಕೊಂಡರು. "ಓಡ್ಬೇಡಿ. ಕುಕ್ಕರಗಾಲಲ್ಲಿ ಕೂರ್ಲೇಬೇಡಿ. ಪಾರ್ಕಲ್ಲಿ ನಿಧಾನಕ್ಕೆ ವಾಕಿಂಗ್ ಮಾಡಿ."

ಓಡದೆ, ಕುಕ್ಕರಗಾಲಲ್ಲಿ ಕೂರದೆ ಖೊಖೊ ಆಡುವುದೆಂದರೆ ಒಲೆ ಹಚ್ಚದೆ ರೊಟ್ಟಿ ಸುಟ್ಟಂತೆ.

ಹಾಸ್ಟೆಲ್ ಅಡುಗೆಯ ಪಟಾಲಮ್ಮ ಸುದ್ದಿ ಕೇಳಿದ್ದೇ ತನ್ನ ಮಂಡಿಪಟ್ಟಿ ಬಿಚ್ಚಿ ಇವಳಿಗೆ ತೊಡಿಸಿದಳು. "ನಂಗೂ ಇದೇ ಕಣವ್ವ. ಮೂರನೇ ಮೊಮ್ಮಗ ಹುಟ್ಟಿದ್ ಮೇಲೆ ಶುರುವಾಯ್ತು."

"ಅಜ್ಜೀ, ಮೆಟ್ಲು ಹುಷಾರು!" ಎಂದು ರೂಮಿನ ಹುಡುಗಿಯರು ಕೂಗಿದರು.

ಪಾರವ್ವ ಕುಂಟುತ್ತ, ಆ ರಿಪೋರ್ಟ್ ಕೊಟ್ಟಿದ್ದ ಬಸವೇಶ್ವರನಗರದ ಸ್ಕ್ಯಾನ್ ಸೆಂಟರಿಗೇ ಹೋದಳು. ಕೌಂಟರಿನ ದೀಪ್ತಿ ಹೆಸರು ಹುಡುಕಿದಳು. "ಮಂಗಳವಾರ ಒಬ್ರು ಬಂದಿದ್ರಲ್ಲ, ಪಾರವ್ವ, ಹತ್ತೊಂಬತ್ತು ಅಂತ. ಈ ಆಂಟಿಗೆ ಹತ್ತೊಂಬತ್ತಾ ಅಂತ ನಾನೂ ಅಂದ್ಕೊಂಡೆ. ಕೊರಳಲ್ಲಿ ವಿಷಲ್ ಬೇರೆ!"

ಕಾಲೇಜಿನಲ್ಲಿ ವಿಷಲ್ ಹಾಕಿಕೊಳ್ಳುವವರು ಒಬ್ಬರೇ, ಕೋಚ್ ವರಲಕ್ಷ್ಮಿ ಮೇಡಂ.

ಮೈದಾನದಲ್ಲಿ ಸಿಕ್ಕ ಮೇಡಂ ಸುಳ್ಳು ಹೇಳಲಿಲ್ಲ. "ಕಾಲೇಜಿನ ಇನ್ಶೂರೆನ್ಸ್ ಆಡೋರಿಗೆ ಮಾತ್ರ ಕಣೇ. ನಾನು ಕಾಂಟ್ರಾಕ್ಟು. ಇಪ್ಪತ್ತೆರಡು ವರ್ಷ ನಿಮ್ಮಂಥವರ ಹಿಂದೆ ಓಡಿ ಸವೆದಿರೋ ಮಂಡಿ ಇದು. ಬಾಯ್ಬಿಡ್ಬೇಡ. ಡಾಕ್ಟ್ರು ಗ್ರೌಂಡಿಗೆ ಬರಲ್ಲ, ನಿನ್ ಹೆಸರು ಟೀಮಲ್ಲೇ ಇರತ್ತೆ."

"ಮತ್ತ ನನ್ನ ಮೊಣಕಾಲ್ರಿ?"

"ತಿಂಗಳು ಪೂರ್ತಿ ಫಿಸಿಯೋಥೆರಪಿ ಸ್ಯಾಂಕ್ಷನ್ ಆಗಿದೆ, ನಿನ್ ಹೆಸರಲ್ಲಿ."

ಪಾರವ್ವನ ಜೀವಕ್ಕೆ ತಂಪಾಯಿತು. "ಯಾವಾಗಿಂದ ಹೋಗ್ಲಿರಿ?"

"ನೀನ್ಯಾಕೆ? ನಾನ್ ಹೋಗ್ತೀನಲ್ಲ. ನೀನು ಭಾನುವಾರ ಫೈನಲ್ ಆಡು. ಡಾಕ್ಟ್ರು ಕಂಡಾಗ ಮಾತ್ರ ಚೆನ್ನಾಗಿ ಕುಂಟ್ಬೇಕು. ನಿಂಗೆ ವಾಸಿಯಾಯ್ತು ಅಂತ ಗೊತ್ತಾದ್ರೆ ನನ್ ಟ್ರೀಟ್‌ಮೆಂಟ್ ನಿಲ್ಲಿಸ್ಬಿಡ್ತಾರೆ."

ಪಾರವ್ವ ಹಾಸ್ಟೆಲಿನ ಕಡೆ ತಿರುಗಿದಳು. ಊದಿದ ಕಾಲು ನೆಲಕ್ಕೆ ತಾಗಿದಾಗಲೆಲ್ಲ ಹಲ್ಲು ಕಚ್ಚಿ, ಎಳೆದುಕೊಂಡು ಹೆಜ್ಜೆ ಹಾಕಿದಳು.

ಹಿಂದಿನಿಂದ ಮೇಡಂ ಚಪ್ಪಾಳೆ ತಟ್ಟಿದರು. "ಹಾಂ, ಹೀಗೇ! ಒಂದೇ ಸಲಕ್ಕೆ ಕಲಿತ್ಬಿಟ್ಯಲ್ಲೇ!"